ಬರ್ಕ್ಲಿಗೆ ಶನಿವಾರದ ಊಟ

ಸಲೀಮ್ ಭಾಯ್ ಒಳ್ಳೆಯ ಮನುಷ್ಯ. ಇನ್ಶೂರೆನ್ಸ್ ಮಾರಿ ಬದುಕುವ ನನ್ನಂಥವಳಿಗೆ ಒಳ್ಳೆಯ ಮನುಷ್ಯರೆಂದರೆ ದೊಡ್ಡ ತಲೆನೋವು. ಕೆಟ್ಟವರು ವಕೀಲರು ಹೇಳಿದಂತೆ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಒಳ್ಳೆಯವರಿಗೆ ಅದೊಂದು ಮಾತ್ರ ಏನು ಮಾಡಿದರೂ ಬರುವುದಿಲ್ಲ.

ನಾನು ವಸುಧಾ, ಹಾಸನದವಳು. ಸನ್ನಿವೇಲ್‌ನಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನ ಮೇಲೆ ನನ್ನ ಆಫೀಸು. ಕಾರು, ಮನೆ, ಅಂಗಡಿ, ಜೀವ, ಯಾವುದಕ್ಕೆ ಬೇಕಾದರೂ ಪಾಲಿಸಿ ಹುಡುಕಿಕೊಡುತ್ತೇನೆ. ನಮ್ಮವರು ಪಾಲಿಸಿ ತೆಗೆದುಕೊಳ್ಳುವಾಗ ಕಂತು ಎಷ್ಟು ಎಂದು ಕೇಳುತ್ತಾರೆಯೇ ಹೊರತು ಷರತ್ತು ಏನು ಎಂದು ಕೇಳುವುದಿಲ್ಲ. ಆಮೇಲೆ ಏನಾದರೂ ಆದಾಗ ನನ್ನ ಮುಖ ನೋಡುತ್ತಾರೆ. ಇಪ್ಪತ್ತು ವರ್ಷದಿಂದ ಹೀಗೆ ನೋಡಿಸಿಕೊಂಡು ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಸಲೀಮ್ ಭಾಯ್ ಮೈಸೂರಿನ ಮಂಡಿ ಮೊಹಲ್ಲಾದವರು. ಅವರ ಅಪ್ಪ, ತಾತ ಎಲ್ಲ ಬೀಟೆ ಮರದ ಹಲಗೆಯಲ್ಲಿ ತಗ್ಗು ಕೆತ್ತಿ, ಅದರೊಳಗೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಆನೆ, ನವಿಲು, ಬಳ್ಳಿ ಮಾಡುತ್ತಿದ್ದವರು. ರೋಷನ್ ಬೀಯನ್ನು ಮದುವೆಯಾದ ಮೇಲೆ, ಅವಳ ಅಣ್ಣ ಸ್ಯಾನ್ ಹೋಸೆಯಲ್ಲಿ ನಡೆಸುತ್ತಿದ್ದ ಅಡಿಗೆಮನೆ ಕಪಾಟಿನ ಕಾರ್ಖಾನೆಗೆ ಕೆಲಸಕ್ಕೆ ಬಂದರು. ಮಾರ್ಗನ್ ಹಿಲ್‌ನಲ್ಲಿ ಇನ್ನೂ ತೋಟಗಳೇ ಹೆಚ್ಚಿದ್ದ ಕಾಲದಲ್ಲಿ ಒಂದು ಹಳೆಯ ಮನೆ ಕೊಂಡರು. ಮನೆಯ ಮುಂಭಾಗದಲ್ಲಿ ರೋಷನ್ ಬೀ ಡೇಕೇರ್ ನಡೆಸುತ್ತಾಳೆ. ಬಾಗಿಲಲ್ಲಿ ಯಾವಾಗಲೂ ಅಂಗೈಯಷ್ಟಗಲದ ಬೂಟುಗಳ ಸಾಲು. ಹಿಂದಿನ ಗ್ಯಾರೇಜು ಸಲೀಮ್ ಭಾಯಿಯದು. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ವೇದಿಕೆಯ ಕಮಾನು ಪ್ರತಿ ವರ್ಷ ಆ ಗ್ಯಾರೇಜಿನಿಂದಲೇ ಬರುತ್ತದೆ.

ವೇಪ್, ಅಂದರೆ ಬ್ಯಾಟರಿ ಸಿಗರೇಟು, ಸೇದುವ ಡಬ್ಬಿ ಮಾಡುವ ಕೆಲಸ ಅವರಿಗೆ ಅಂಟಿಕೊಂಡದ್ದು ಕಾರ್ಖಾನೆಯ ಗೆಳೆಯನೊಬ್ಬನಿಂದ. ಅವನ ಲೋಹದ ಡಬ್ಬಿ ಬಿದ್ದು ಒಡೆದಿತ್ತು, ಮರದಲ್ಲಿ ಒಂದು ಮಾಡಿಕೊಡು ಎಂದ. ಇವರು ವಾಲ್‌ನಟ್ ಮರದಲ್ಲಿ ಮಾಡಿ, ಒಳಗೆ ಕೊಂಡು ತಂದ ಸ್ವಿಚ್ಚು, ಸರ್ಕ್ಯೂಟು ಕೂರಿಸಿ, ಬ್ಯಾಟರಿಗೆ ಜಾಗ ಬಿಟ್ಟು, ಮುಚ್ಚಳದ ಮೂಲೆಯಲ್ಲಿ ಬಿಳಿ ಮೇಪಲ್ ಚೂರಿನ ಒಂದು ಮಲ್ಲಿಗೆ ಮೊಗ್ಗು ಇಟ್ಟರು. ಆ ಮೊಗ್ಗು ಅವರ ತಾತನ ಗುರುತು. ಅದನ್ನು ನೋಡಿದವರು ನನಗೂ ಬೇಕು ಎಂದರು, ಗ್ಯಾರೇಜಿಗೊಂದು ಅಂಗಡಿಯ ಹೆಸರಿಟ್ಟು ಇವರು ಮಾಡಿ ಮಾರತೊಡಗಿದರು. ತಾವು ಮಾತ್ರ ಹೊಗೆ ಕಂಡರೆ ಮುಖ ತಿರುಗಿಸುವ ಮನುಷ್ಯ. ನಾನೊಮ್ಮೆ ಕೆಣಕಿದಾಗ, "ಸೇದೋರು ಸೇದ್ಕೊಳ್ಲಿ ಮೇಡಂ, ನಂದು ಮರದ ಕೆಲ್ಸ" ಎಂದಿದ್ದರು.

"ಇದಕ್ಕೆ ಇನ್ಶೂರೆನ್ಸ್ ಮಾಡ್ಸಿದೀರಾ?" ಎಂದು ಕೇಳಿದೆ.

"ಮರದ ಡಬ್ಬಿಗೆ ಎಂಥ ಇನ್ಶೂರೆನ್ಸು ಮೇಡಂ!"

ನನಗೆ ರೇಗಿತು. ಆ ಬ್ಯಾಟರಿ ಯಾರದಾದರೂ ಜೇಬಲ್ಲಿ ಸಿಡಿದರೆ ಈ ದೇಶದಲ್ಲಿ ಡಬ್ಬಿ ಮಾಡಿದವನ ಮನೆಯ ಹೆಂಚಿನವರೆಗೂ ಕೇಳಲು ಬರುತ್ತಾರೆ ಎಂದು ಬೈದು, ಪಾಲಿಸಿ ಹುಡುಕಲು ಹೊರಟೆ. ಮನೆಯಲ್ಲಿ ಮಾಡಿದ ವೇಪ್ ಎಂದ ಕೂಡಲೇ ಕಂಪನಿಗಳು ಫೋನ್ ಇಡುತ್ತಿದ್ದವು. ಕಡೆಗೆ ಒಂದು ಕಂಪನಿ, ಮೈತುಂಬ ಷರತ್ತು ಹಾಕಿ, ಒಪ್ಪಿತು. ಆ ಷರತ್ತುಗಳನ್ನು ನಾನು ರೋಷನ್ ಬೀಯ ಅಡಿಗೆಮನೆಯಲ್ಲಿ ಕೂತು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅದರಲ್ಲಿ ಒಂದನ್ನು ಎರಡು ಸಲ ಹೇಳಿದೆ. ಡಬ್ಬಿಯಿಂದ ಯಾರಿಗಾದರೂ ಪೆಟ್ಟಾದರೆ ಅವರ ಹತ್ತಿರ ಹೋಗಬಾರದು, ತಪ್ಪು ನನ್ನದು ಅನ್ನಬಾರದು, ಏನನ್ನೂ ಕೊಡಬಾರದು. ಮಾತೆಲ್ಲ ಕಂಪನಿಯದು.

"ಪೆಟ್ಟಾದೋರನ್ನ ಹೆಂಗಿದೀರಿ ಅಂತ್ಲೂ ಕೇಳೋ ಹಂಗಿಲ್ವಾ?"

"ಕೇಳೋ ಹಂಗಿಲ್ಲ."

"ಇದ್ಯಾವ ಸೀಮೆ ನ್ಯಾಯ ಮೇಡಂ" ಎನ್ನುತ್ತಲೇ ಸಹಿ ಹಾಕಿದರು.

ಮುಂದೆ ಸರ್ಕಾರದ ನಿಯಮ ಬಿಗಿಯಾದಾಗ ಸಲೀಮ್ ಭಾಯ್ ಡಬ್ಬಿ ಮಾಡುವುದನ್ನೇ ನಿಲ್ಲಿಸಿದರು. ಪಾಲಿಸಿ ನಿಲ್ಲಿಸಲು ನಾನು ಬಿಡಲಿಲ್ಲ. ಮಾಡಿದ ಡಬ್ಬಿಗಳು ಇನ್ನೂ ಜನರ ಜೇಬಿನಲ್ಲೇ ಇದ್ದವಲ್ಲ.

ಅವುಗಳಲ್ಲಿ ಒಂದು ಕಳೆದ ವರ್ಷ ಸಿಡಿಯಿತು. ಬರ್ಕ್ಲಿಯಲ್ಲಿ ಓದುವ ಹುಡುಗನೊಬ್ಬ ತನ್ನ ಲ್ಯಾಬಿನ ಗೆಳೆಯನಿಂದ ಅದನ್ನು ಕೊಂಡಿದ್ದನಂತೆ. ಬಸ್ಸಿನಲ್ಲಿ ಕೂತಿದ್ದಾಗ ಪ್ಯಾಂಟಿನ ಜೇಬಿನಲ್ಲೇ ಹೊತ್ತಿಕೊಂಡು ತೊಡೆ ಸುಟ್ಟಿತು. ಬೇರೆ ಕಡೆಯ ಚರ್ಮ ತೆಗೆದು ಹಾಕಬೇಕಾಯಿತು. ತಪ್ಪು ಬ್ಯಾಟರಿಯದೋ ಡಬ್ಬಿಯದೋ ಎಂದು ಎರಡೂ ಕಡೆಯ ತಜ್ಞರು ಇವತ್ತಿಗೂ ಒಪ್ಪಿಲ್ಲ. ಹುಡುಗನ ವಕೀಲರ ನೋಟೀಸು ಹಿಡಿದು ಸಲೀಮ್ ಭಾಯ್ ನನ್ನ ಆಫೀಸಿಗೆ ಬಂದರು. ಜೊತೆಗಿದ್ದ ಫೋಟೋದಲ್ಲಿ ಡಬ್ಬಿ ಕರಿಕಲಾಗಿತ್ತು. ಮೂಲೆಯ ಮಲ್ಲಿಗೆ ಮೊಗ್ಗು ಮಾತ್ರ ಹಾಗೇ ಇತ್ತು.

"ಇದು ನಂದೇ ಮೇಡಂ" ಎಂದರು.

ನಾನು ಎದ್ದು ಹೋಗಿ ಬಾಗಿಲು ಹಾಕಿಬಂದೆ. "ಈ ಮಾತು ಇಲ್ಲಿಗೇ ಮುಗೀಬೇಕು. ಕಂಪನಿ ವಕೀಲರು ಕೇಳಿದ್ದಕ್ಕೆ ಮಾತ್ರ ಉತ್ತರ. ಆ ಹುಡುಗನ ತಂಟೆಗೆ ಹೋದ್ರೆ ಕಂಪನಿಗೆ ಒಂದು ನೆಪ ಸಿಗತ್ತೆ. ಅವರು ಕೈ ಎತ್ತಿದ್ರೆ ಕೇಸು ನಿಮ್ಮ ಮನೆ ಮೇಲೆ ಬೀಳತ್ತೆ. ಮನೆ ಹೋದ್ರೆ ಡೇಕೇರೂ ಹೋಯ್ತು. ಗೊತ್ತಾಯ್ತಾ?"

"ಗೊತ್ತಾಯ್ತು. ಹುಡುಗನ ಹೆಸ್ರು ಜಗನ್ ಅಂತೆ. ನಮ್ ಮಂಡ್ಯದೋನು."

"ಅದು ನಂಗೂ ಗೊತ್ತು. ಅದಕ್ಕೇ ಇಷ್ಟು ಬಾಯಿ ಬಡ್ಕೊಳ್ತಿರೋದು."

ಇಲ್ಲಿ ನಮ್ಮವರ ಒಂದು ರೂಢಿ ಹೇಳಬೇಕು. ಯಾರ ಮನೆಯಲ್ಲಿ ಹೆರಿಗೆಯಾಗಲಿ, ಆಪರೇಷನ್ ಆಗಲಿ, ಸಾವಾಗಲಿ, ಸಂಘದ ವಾಟ್ಸಾಪ್ ಗುಂಪಿನಲ್ಲಿ ಆ ಮನೆಗೆ ಊಟ ಕಳಿಸುವ ಪಾಳಿ ಶುರುವಾಗಿಬಿಡುತ್ತದೆ. ಸೋಮವಾರ ನಾವು, ಮಂಗಳವಾರ ನಾವು ಎಂದು ಜನ ಮುಗಿಬೀಳುತ್ತಾರೆ. ಕ್ಯಾರಿಯರ್ ಹಿಡಿದು ಬಾಗಿಲು ತಟ್ಟಿದವರನ್ನು ಯಾರೂ ನೀವ್ಯಾರು ಎಂದು ಕೇಳುವುದಿಲ್ಲ. ಅವರು ಅಂಕಲ್ಲು, ಆಂಟಿ, ಅಷ್ಟೆ. ಬರ್ಕ್ಲಿಯಲ್ಲಿ ಒಬ್ಬನೇ ಇರುವ ನಮ್ಮ ಹುಡುಗನಿಗೆ ಸುಟ್ಟಗಾಯ ಎಂಬ ಮೆಸೇಜು ಬಂದಾಗ ನಾನು ಫೋನನ್ನು ಬೋರಲು ಹಾಕಿ ಸುಮ್ಮನಾದೆ. ಕೇಸು ನನ್ನ ಕೈಯಲ್ಲಿದ್ದಾಗ ಆ ಗುಂಪಿನ ಕಡೆ ನೋಡುವುದೇ ಬೇಡ ಎಂದುಕೊಂಡೆ. ಸಲೀಮ್ ಭಾಯಿಯೂ ಅದೇ ಗುಂಪಿನಲ್ಲಿದ್ದಾರೆ ಎಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ.

ಹೊಳೆಸಿದವಳು ರೋಷನ್ ಬೀ. ಅವಳ ಡೇಕೇರ್ ಪಾಲಿಸಿಯ ವಿಷಯಕ್ಕೆ ಒಂದು ಶನಿವಾರ ಫೋನ್ ಮಾಡಿ, ಸಲೀಮ್ ಭಾಯ್ ಇದ್ದಾರಾ ಎಂದೆ.

"ಎಲ್ಲಿ ಅಕ್ಕ, ಶನಿವಾರ ಅಲ್ವಾ? ಬರ್ಕ್ಲಿಗೆ ಊಟ ತಗೊಂಡು ಹೋಗವ್ರೆ. ಎಲ್ಲಾರೂ ಪಲಾವೇ ಕಳ್ಸಿ ಕಳ್ಸಿ ಹುಡುಗಂಗೆ ಸಾಕಾಗೋಗದೆ. ನನ್ ಕೈಮಾ ಉಂಡೆ ಸಾರು ಅಂದ್ರೆ ಪ್ರಾಣ ಬಿಡ್ತಾನಂತೆ" ಎಂದಳು, ಹೆಮ್ಮೆಯಿಂದ.

ಪಾಲಿಸಿಯ ಮಾತು ಅಲ್ಲಿಗೇ ಬಿಟ್ಟೆ. ಕಾರು ತೆಗೆದು ಫ್ರೀವೇ ಹಿಡಿದು ಮಾರ್ಗನ್ ಹಿಲ್‌ಗೆ ಹೋದೆ. ಗ್ಯಾರೇಜಿನಲ್ಲಿ ಕಾದು ಕೂತೆ. ಖಾಲಿ ಕ್ಯಾರಿಯರ್ ಹಿಡಿದು ಬಂದ ಮನುಷ್ಯ ನನ್ನನ್ನು ಕಂಡು ಅಲ್ಲೇ ನಿಂತರು.

"ನಾನೇನೂ ಮಾತಾಡಿಲ್ಲ ಮೇಡಂ. ನೀವು ಹೇಳ್ದಂಗೇ."

"ಮತ್ತೆ ಅಲ್ಲಿ ಹೋಗಿ ಮಾಡೋದೇನು?"

"ಊಟ ಕೊಡ್ತೀನಿ. ಗಾಯಕ್ಕೆ ಪಟ್ಟಿ ಕಟ್ಟೋ ನರ್ಸ್ ಬರೋಗಂಟ ಕೂತಿರ್ತೀನಿ. ಕಿತ್ತಳೆ ಸುಲ್ಕೊಡ್ತೀನಿ. ಅವ್ನು ಅವ್ರಮ್ಮನ್ ವಿಷ್ಯ ಎಲ್ಲಾ ಹೇಳ್ತಾನೆ, ನಾನು ಹೂಂ ಅಂತೀನಿ."

"ನೀವು ಯಾರು ಅಂತ ಗೊತ್ತಾ ಅವನಿಗೆ?"

"ಸಂಘದ ಅಂಕಲ್ ಅನ್ಕೊಂಡವ್ನೆ. ಕೇಸಿನ ಕಾಗದದಲ್ಲಿ ಅಂಗಡಿ ಹೆಸ್ರಲ್ವಾ ಇರೋದು."

ನಾನು ಕೂಗಾಡಿಬಿಟ್ಟೆ. ಮಾತಾಡಿದ್ದರೆ ಒಂದು ತಪ್ಪು, ಯಾರೆಂದು ಹೇಳದೆ ಹೋಗಿ ಕೂತದ್ದು ಎರಡು ತಪ್ಪು ಎಂದೆ. ಹುಡುಗನನ್ನು ಮರುಳು ಮಾಡಲು ಹೋಗಿದ್ದಾರೆ ಎಂದು ಅವನ ವಕೀಲ ಹೇಳುತ್ತಾನೆ, ಷರತ್ತು ಮುರಿದಿದ್ದಾರೆ ಎಂದು ನಮ್ಮ ಕಂಪನಿ ಹೇಳುತ್ತದೆ, ಎರಡೂ ಕಡೆಯಿಂದ ಏಟು ಬೀಳುವುದು ಈ ಮನೆಗೇ ಎಂದೆ. ಪಕ್ಕದ ಕೋಣೆಯಲ್ಲಿ ರೋಷನ್ ಬೀ ಪಾತ್ರೆ ತೊಳೆಯುವುದು ನಿಂತಿತು. ಅವಳಿಗೆ ಆ ಹುಡುಗ ಯಾರೆಂದು ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಸಾರು ಮಾಡುತ್ತಿದ್ದಳು. ಗಂಡ ಹೆಂಡತಿ ಇಬ್ಬರಿಗೂ ಇದರಲ್ಲಿ ತಪ್ಪೇ ಕಂಡಿರಲಿಲ್ಲ.

"ಕಾಯಿಲೆ ಬಿದ್ದೋರನ್ನ ನೋಡಕ್ ಹೋಗೋದು ನಮ್ಮಲ್ಲಿ ಬಿಡೋ ಹಂಗಿಲ್ಲ ಮೇಡಂ" ಎಂದರು ಸಲೀಮ್ ಭಾಯ್. "ಅದೂ ನನ್ ಕೈಯಿಂದ ಆಗಿರೋದು. ಹೆಂಗೆ ಬಿಡ್ಲಿ?"

"ಇನ್ನು ಹೋಗ್ಬೇಡಿ. ರಾಜಿ ಮಾತುಕತೆ ಮುಗಿಯೋವರೆಗಾದ್ರೂ."

ಕೈಯಲ್ಲಿದ್ದ ಕ್ಯಾರಿಯರನ್ನು ಕೆಳಗಿಟ್ಟು, ಆಗಲಿ ಎಂದರು. ಮುಂದಿನ ಶನಿವಾರ ಹೋಗಲಿಲ್ಲ. ಸಂಜೆ ಜಗನ್ ತಾನೇ ಫೋನ್ ಮಾಡಿ, "ಅಂಕಲ್, ಹುಷಾರಾಗಿದೀರಾ?" ಎಂದು ವಿಚಾರಿಸಿದನಂತೆ. ಅದನ್ನು ನನಗೆ ಹೇಳುವಾಗ ಸಲೀಮ್ ಭಾಯಿಯ ದನಿ ಸರಿಯಿರಲಿಲ್ಲ. ಕಂಪನಿಗೆ ನಾನೇನೂ ಹೇಳಲಿಲ್ಲ. ಕೇಳಿದರೆ ಸುಳ್ಳು ಹೇಳುವವಳಲ್ಲ ನಾನು. ಕೇಳದಿದ್ದರೆ ನಾನಾಗಿ ಹೋಗಿ ಹೇಳುವವಳೂ ಅಲ್ಲ.

ರಾಜಿ ಮಾತುಕತೆ ಸ್ಯಾನ್ ಹೋಸೆಯ ಒಂದು ಆಫೀಸಿನಲ್ಲಿ, ಶುಕ್ರವಾರ. ಇಂಥ ಕಡೆ ಎರಡು ಪಕ್ಷದವರನ್ನು ಎದುರುಬದುರು ಕೂರಿಸುವುದಿಲ್ಲ. ಅವರಿಗೊಂದು ಕೋಣೆ, ನಮಗೊಂದು ಕೋಣೆ, ಮಧ್ಯಸ್ಥಗಾರ ಮಾತ್ರ ಅಲ್ಲಿಂದಿಲ್ಲಿಗೆ ಓಡಾಡುತ್ತಾನೆ. ಇದ್ದ ಒಂದೇ ಸಮಾಧಾನ ಅದು. ಸಲೀಮ್ ಭಾಯ್ ಮಗಳು ಮೆಹ್ರೀನಳ ನಿಕಾಹ್‌ಗೆ ಹೊಲಿಸಿದ್ದ ಸೂಟು ಹಾಕಿಕೊಂಡು ಬಂದಿದ್ದರು. ಜೊತೆಗೆ ಬನ್ನಿ ಎಂದು ಅವರೇ ನನ್ನನ್ನು ಕರೆದದ್ದು.

"ಈ ಬಾಗಿಲು ದಾಟಬೇಡಿ" ಎಂದು ನಾನು ಕನ್ನಡದಲ್ಲಿ ಹೇಳಿದೆ. "ನೀರು ಬೇಕಾದ್ರೆ ನಾನು ತರ್ತೀನಿ. ಕಾಫಿ ಬೇಕಾದ್ರೂ ನಾನೇ ತರ್ತೀನಿ."

ಕಂಪನಿಯ ವಕೀಲೆ ನಗುಮುಖದ ಹೆಂಗಸು. ಆದರೆ ಕಿವಿ ಚುರುಕು. ಏನೂ ಹೊಸದು ಹೊರಬರದಿದ್ದರೆ ಕಂಪನಿ ಇವತ್ತೇ ಒಪ್ಪುತ್ತದೆ ಎಂದರು. ಹೊಸದು ಎಂಬ ಮಾತಿಗೆ ನನಗೆ ಶನಿವಾರದ ಕ್ಯಾರಿಯರ್ ನೆನಪಾಯಿತು. ಬೆಳಗಿನಿಂದ ಮಧ್ಯಸ್ಥಗಾರ ಬಂದು ಹೋಗುತ್ತಲೇ ಇದ್ದ. ಅವನು ಬಾಗಿಲು ತೆಗೆದಾಗೆಲ್ಲ ನಾನು ಆಚೆ ಇಣುಕುತ್ತಿದ್ದೆ. ಕಾರಿಡಾರಿನ ನಡುವೆ ಒಂದು ಕಾಫಿ ಯಂತ್ರ, ಅದರಾಚೆ ಅವರ ಕೋಣೆಯ ಬಾಗಿಲು ಕಾಣುತ್ತಿತ್ತು.

ಮಧ್ಯಾಹ್ನವಾಯಿತು. ಸಲೀಮ್ ಭಾಯ್ ಚಡಪಡಿಸತೊಡಗಿದರು.

"ಮಸೀದೀಲಿ ಜುಮ್ಮಾ ಅಂತೂ ತಪ್ಪೋಯ್ತು ಮೇಡಂ. ಇಲ್ಲೇ ಮೂಲೇಲಿ ನಮಾಜ್ ಮಾಡ್ಕೊತೀನಿ. ಕೈಕಾಲು ತೊಳ್ಕೊಂಡು ಬರ್ಬೇಕು."

ದೇವರ ಕೆಲಸಕ್ಕೆ ಬೇಡ ಎನ್ನುವುದು ಹೇಗೆ? ಕಾರಿಡಾರಿನ ಎರಡೂ ಕಡೆ ನೋಡಿ ಅವರನ್ನು ಬಚ್ಚಲಿಗೆ ಕಳಿಸಿ, ನಾನು ಆಚೆ ಕಾವಲು ನಿಂತೆ. ಅವರು ತೋಳು ಮಡಚಿಕೊಂಡು, ಒದ್ದೆ ಮುಖದಲ್ಲಿ ಹೊರಗೆ ಬಂದರು. ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ನಮ್ಮ ಕೋಣೆ ಸೇರುತ್ತಿದ್ದೆವು. ಆಗ ಆ ಕಡೆಯ ಬಾಗಿಲು ತೆರೆಯಿತು. ಕಂಕುಳಲ್ಲಿ ಊರುಗೋಲು ಇಟ್ಟುಕೊಂಡ ತೆಳ್ಳಗಿನ ಹುಡುಗನೊಬ್ಬ ಕಾಫಿ ಯಂತ್ರದ ಹತ್ತಿರ ಬಂದ.

"ಅಂಕಲ್!" ಅವನ ಮುಖ ಅರಳಿತು. "ನೀವೇನ್ ಇಲ್ಲಿ? ನನಗೋಸ್ಕರ ಬಂದ್ರಾ? ಇವತ್ತು ಅಂತ ಯಾರ್ ಹೇಳಿದ್ರು ನಿಮ್ಗೆ?"

ನಾನು ಸಲೀಮ್ ಭಾಯಿಯ ಕೋಟಿನ ತೋಳು ಹಿಡಿದು ಎಳೆದೆ. ಅವರು ಕದಲಲಿಲ್ಲ. ಅದೇ ಹೊತ್ತಿಗೆ ನಮ್ಮ ಹಿಂದೆ ಬಾಗಿಲು ತೆಗೆದ ಸದ್ದಾಯಿತು. ಕಂಪನಿಯ ವಕೀಲೆ ಖಾಲಿ ಲೋಟ ಹಿಡಿದು ಹೊರಗೆ ಬಂದಿದ್ದರು. ನಾನು ಕೈಯನ್ನು ಇನ್ನೂ ಬಿಗಿಯಾಗಿ ಒತ್ತಿದೆ. ಬಾಯಿ ಮುಚ್ಚಿಕೊಂಡಿರಿ, ಇದೊಂದು ನಿಮಿಷ ಬಾಯಿ ಮುಚ್ಚಿಕೊಂಡಿರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಜಗನ್," ಎಂದರು ಸಲೀಮ್ ಭಾಯ್. "ಆ ಡಬ್ಬಿ ಮಾಡಿದ್ದು ನಾನೇ ಕಣಪ್ಪ. ಇದೇ ಕೈ. ತಪ್ಪಾಯ್ತು."

ಹುಡುಗನ ನಗು ಕೂಡಲೇ ಹೋಗಲಿಲ್ಲ. ಅರ್ಥವಾಗದೆ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವನು ಸಲೀಮ್ ಭಾಯಿಯ ಕೈಗಳನ್ನು ನೋಡಿದ. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಹಂಗಾದ್ರೆ... ಊಟ ತರ್ತಿದ್ದಿದ್ದು?" ಎಂದ.

ಸಲೀಮ್ ಭಾಯ್ ಒದ್ದೆ ಕೈಗಳನ್ನು ಕೋಟಿಗೆ ಒರೆಸಿಕೊಂಡರು.

"ಏನು ಹೇಳಿದರು ಇವರು?" ವಕೀಲೆ ಇಂಗ್ಲಿಷಿನಲ್ಲಿ ಕೇಳಿದರು. ಕೇಳಿದ್ದು ನನ್ನನ್ನು. ನಗುಮುಖ ಇರಲಿಲ್ಲ.

ಆ ಕಾರಿಡಾರಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಇದ್ದದ್ದು ಇದ್ದ ಹಾಗೆ ಹೇಳಿದರೆ ರೋಷನ್ ಬೀಯ ಬಾಗಿಲಲ್ಲಿ ಬೂಟುಗಳ ಸಾಲು ಇರುವುದಿಲ್ಲ. ಬೇರೆ ಏನಾದರೂ ಹೇಳಿದರೆ ನನ್ನ ಲೈಸೆನ್ಸು, ನನ್ನ ಇಷ್ಟು ವರ್ಷದ ಮಾತು ಎರಡೂ ಹೋಗುತ್ತವೆ. ಬಾಯಿ ತೆರೆದೆ. ಯಾವ ಮಾತು ಹೊರಗೆ ಬರುತ್ತಿತ್ತೋ ನನಗೆ ನಿಜವಾಗಿಯೂ ಗೊತ್ತಿಲ್ಲ.

ಅಷ್ಟರಲ್ಲಿ ಜಗನ್ ಇಂಗ್ಲಿಷಿನಲ್ಲಿ ಹೇಳಿದ: "ಕಾಲು ಇನ್ನೂ ನೋಯುತ್ತಾ ಅಂತ ಕೇಳಿದರು."

ವಕೀಲೆ ನನ್ನ ಮುಖ ನೋಡಿದರು. ನಾನು ಕಾಫಿ ಯಂತ್ರ ನೋಡಿದೆ. ಎರಡು ಕಡೆಯವರು ಹೀಗೆಲ್ಲ ಮಾತಾಡಬಾರದು ಎಂದು ಅವರು ಮೆಲ್ಲಗೆ ಗದರಿ, ನಮ್ಮನ್ನು ಒಳಗೆ ಕಳಿಸಿದರು. ಜಗನ್ ಕಾಫಿ ತೆಗೆದುಕೊಳ್ಳದೆ ಊರುಗೋಲು ಊರಿಕೊಂಡು ವಾಪಸು ಹೋದ.

ಸಲೀಮ್ ಭಾಯ್ ಮೂಲೆಯಲ್ಲಿ ಕೋಟು ಹಾಸಿ ನಮಾಜಿಗೆ ನಿಂತರು. ನಾನು ಬಾಗಿಲನ್ನೇ ನೋಡುತ್ತ ಕೂತೆ. ಆ ಹುಡುಗ ಈಗ ತನ್ನ ವಕೀಲನಿಗೆ ಏನು ಹೇಳುತ್ತಿರಬಹುದು? ಮಧ್ಯಸ್ಥಗಾರ ಆ ಕಡೆ ಹೋದವನು ಬರಲೇ ಇಲ್ಲ. ನಮಾಜು ಮುಗಿಯಿತು. ಸಲೀಮ್ ಭಾಯ್ ಬಂದು ನನ್ನ ಪಕ್ಕ ಕೂತರು. ಆ ಮನುಷ್ಯನ ಮೇಲೆ ಎಷ್ಟು ಕೋಪ ಬಂದಿತ್ತೋ ಅಷ್ಟೇ ಸಂಕಟವೂ ಆಗುತ್ತಿತ್ತು.

ಕಡೆಗೆ ಬಾಗಿಲು ತೆರೆಯಿತು. ಅವರು ಒಪ್ಪಿದ್ದಾರೆ ಎಂದ ಮಧ್ಯಸ್ಥಗಾರ. ಪೂರ್ತಿ ಕಂಪನಿಯೇ ಕೊಡುತ್ತದೆ, ಮನೆಯ ತಂಟೆ ಇಲ್ಲ. ಸಹಿಗಳಾದವು. ಹುಡುಗ ಕಾರಿಡಾರಿನಲ್ಲಿ ಆ ಸುಳ್ಳನ್ನು ಕರುಣೆಯಿಂದ ಹೇಳಿದನೋ, ಕಂಪನಿ ಜಾರಿಕೊಂಡರೆ ತನಗೇ ಕಷ್ಟ ಎಂದು ಲೆಕ್ಕ ಹಾಕಿ ಹೇಳಿದನೋ ನನಗೆ ಗೊತ್ತಿಲ್ಲ. ಬುದ್ಧಿವಂತ ಹುಡುಗ, ಎರಡೂ ಇದ್ದಿರಬಹುದು.

ಪಾರ್ಕಿಂಗಿನಲ್ಲಿ ಅವನು ಗೆಳೆಯನ ಕಾರಿನಲ್ಲಿ ಕೂತಿದ್ದ. ಸಲೀಮ್ ಭಾಯ್ ಸೀದಾ ಅತ್ತ ನಡೆದರು. ಈಗ ತಡೆಯಲು ನನ್ನ ಹತ್ತಿರ ಯಾವ ಷರತ್ತೂ ಇರಲಿಲ್ಲ. ಜಗನ್ ಗಾಜು ಇಳಿಸಿದ. ಕಣ್ಣು ಕೆಂಪಾಗಿದ್ದವು.

"ಅಮ್ಮಂಗೆ ಫೋನಲ್ಲಿ ದಿನಾ ನಿಮ್ ವಿಷ್ಯಾನೇ ಹೇಳ್ತಿದ್ದೆ ಅಂಕಲ್" ಎಂದ. "ಇಲ್ಲೂ ನಮ್ಮೋರು ಅಂತ ಒಬ್ರು ಅವ್ರೆ ಅಂತ."

ಸಲೀಮ್ ಭಾಯ್ ತಲೆ ತಗ್ಗಿಸಿ ನಿಂತಿದ್ದರು.

"ಆಂಟಿಗೆ ಥ್ಯಾಂಕ್ಸ್ ಹೇಳಿ. ಇನ್ಮೇಲೆ ಬರ್ಬೇಡಿ."

ಗಾಜು ಏರಿತು. ಕಾರು ಹೊರಟುಹೋಯಿತು.

ಮಾರ್ಗನ್ ಹಿಲ್‌ವರೆಗೆ ನಾನೇ ಬಿಟ್ಟುಬರಲು ಹೊರಟೆ. ಫ್ರೀವೇಯಲ್ಲಿ ಶುಕ್ರವಾರದ ಟ್ರಾಫಿಕ್ಕು. ರೋಷನ್ ಬೀಯ ಫೋನ್ ಬಂತು, ಸ್ಪೀಕರಿಗೆ ಹಾಕಿದೆ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಮನೆ?" ಎಂದಳು. ಅಷ್ಟೇ ಕೇಳಲು ಅವಳಿಗೆ ಸಾಧ್ಯವಾದದ್ದು.

"ಉಳೀತು" ಎಂದರು ಸಲೀಮ್ ಭಾಯ್.

ಆ ಕಡೆ ಅಳುವೋ ನಗುವೋ ತಿಳಿಯದ ದನಿಯಲ್ಲಿ ಅವಳು ಅಲ್ಲಾಹನನ್ನು ನೆನೆದಳು. ಮೂಗೊರೆಸಿಕೊಂಡಳು. ಆಮೇಲೆ ಅವಳ ದನಿ ಹಗುರವಾಯಿತು.

"ವಸುಧಕ್ಕ, ಎಲ್ಲಾ ಮುಗೀತಲ್ಲ, ಇನ್ನು ಇವ್ರು ಹೋಗ್ಬೋದಲ್ವಾ? ನಾಳೆ ಶನಿವಾರ. ಹುಡುಗಂಗೆ ಏನ್ ಮಾಡಿ ಕಳಿಸ್ಲಿ? ಕೇಳಿದ್ರಾ?"

ನಾನು ಪಕ್ಕಕ್ಕೆ ನೋಡಿದೆ. ಸಲೀಮ್ ಭಾಯ್ ಕಿಟಕಿಯ ಕಡೆ ಮುಖ ತಿರುಗಿಸಿದ್ದರು. ಯಾರು ಯಾವಾಗ ಏನು ಹೇಳಬಾರದು ಎಂದು ಇಡೀ ಊರಿಗೆ ಹೇಳಿಕೊಡುವವಳು ನಾನು. ಈಗ ಏನು ಹೇಳಬೇಕೆಂದು ತೋಚದೆ ಸ್ಟೀರಿಂಗ್ ಹಿಡಿದು ಕೂತಿದ್ದೆ.

"ಏನೂ ಬೇಡ್ವಂತೆ" ಎಂದರು ಸಲೀಮ್ ಭಾಯ್.

"ಯಾಕೆ?" ಎಂದಳು ರೋಷನ್ ಬೀ. "ಹೋದ್ ಸಲ ಸಾರಿಗೆ ಉಪ್ಪು ಜಾಸ್ತಿ ಆಗಿತ್ತಾ?"